ಕೂದಲಿಲ್ಲದ ನಾಯಿಯ ಮೈಯಲ್ಲಿ ದದ್ದು ಎದ್ದಾಗ

ತಳಿಯಿಂದಲೇ ಕೂದಲಿಲ್ಲದ ನಾಯಿಯ ಮೈಯಲ್ಲಿ ದದ್ದು ಕಂಡರೆ ಮನೆಯವರ ಕೈ ಮೊದಲು ಹೋಗುವುದು ಮುಲಾಮಿನ ಕಡೆಗೆ. ಆ ಕೈಯನ್ನು ಒಂದು ದಿನ ತಡೆಯಿರಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಒಮ್ಮೆ ಮುಲಾಮು ಬಿತ್ತೆಂದರೆ ರೋಗದ ಗುರುತು ಅರ್ಧ ಅಳಿಸಿಹೋಗುತ್ತದೆ. ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗಿನ ನುಸಿ ಹಾಗೆಯೇ ಉಳಿದು ಹೆಚ್ಚುತ್ತದೆ. ಎಣ್ಣೆ ಇದ್ದರೆ ಹೊಟ್ಟು ಕಾಣದಾಗುತ್ತದೆ, ಕೆಳಗಿನ ಸೋಂಕು ಬೆಳೆಯುತ್ತದೆ. ಆಮೇಲೆ ವೈದ್ಯರ ಬಳಿ ಬಂದರೆ ಅವರು ನೋಡುವುದು ರೋಗವನ್ನಲ್ಲ, ರೋಗದ ಮೇಲೆ ಹಚ್ಚಿದ್ದನ್ನು.

ನಾನು ಸಾಗರದ ಕಡೆಯವಳು. ಈಗ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಪಶುಚಿಕಿತ್ಸಾಲಯವೊಂದರ ತಂತ್ರಜ್ಞೆ. ಔಷಧ ಬರೆಯುವುದು ವೈದ್ಯರ ಕೆಲಸ. ಚರ್ಮ ಕೆರೆದು, ಟೇಪ್ ಅಂಟಿಸಿ ಎತ್ತಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅಲ್ಲಿ ಏನಿದೆ ಎಂದು ಅವರಿಗೆ ಹೇಳುವುದು ನನ್ನ ಕೆಲಸ. ಮೆಕ್ಸಿಕೊ ಹತ್ತಿರವಿರುವುದರಿಂದ ಅಲ್ಲಿನ ಹಳೆಯ ಕೂದಲಿಲ್ಲದ ತಳಿಯಾದ ಶೋಲೊಇಟ್ಸ್‌ಕುಯಿಂಟ್ಲಿ ನಾಯಿಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಎಲ್ಲರೂ ಅವನ್ನು ಶೋಲೊ ಎಂದೇ ಕರೆಯುತ್ತಾರೆ. ನನ್ನ ಮನೆಯಲ್ಲೂ ಒಂದು ಹೆಣ್ಣು ಶೋಲೊ ಇದೆ. ಮೈಬಣ್ಣ ನೋಡಿ ನೇರಳೆ ಎಂದು ಹೆಸರಿಟ್ಟೆವು. ಅವಳ ಜೊತೆಗೆ ಮುತ್ತು ಎಂಬ ಚೈನೀಸ್ ಕ್ರೆಸ್ಟೆಡ್. ತಲೆ, ಬಾಲ, ಪಾದಗಳಲ್ಲಿ ಮಾತ್ರ ಉದ್ದ ಕೂದಲು, ಉಳಿದ ಮೈಯೆಲ್ಲ ಬರಿದು, ಗುಲಾಬಿ ಬಣ್ಣ. ಒಂದೇ ಬಗೆಯ ಚರ್ಮರೋಗ ಈ ಇಬ್ಬರ ಮೈಮೇಲೆ ಎರಡು ಬಗೆಯಾಗಿ ಕಾಣುವುದನ್ನು ದಿನವೂ ನೋಡುತ್ತೇನೆ.

ಬೆಂಗಳೂರಿನಲ್ಲೂ ಈಗ ಕ್ರೆಸ್ಟೆಡ್ ಸಾಕುವವರಿದ್ದಾರೆ. ನನ್ನ ಚಿಕ್ಕಪ್ಪನ ಮಗಳು ಅವರಲ್ಲೊಬ್ಬಳು. ಅವಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊಗಳಿಗೆ ಬರೆದ ಉತ್ತರಗಳೇ ಇಲ್ಲಿ ಹೆಚ್ಚಾಗಿ ಇವೆ.

ಚರ್ಮ ಬೇರೆ ಏಕೆ

ಶೋಲೊ, ಪೆರುವಿನ ಕೂದಲಿಲ್ಲದ ನಾಯಿ, ಚೈನೀಸ್ ಕ್ರೆಸ್ಟೆಡ್, ಈ ಮೂರೂ ತಳಿಗಳಲ್ಲಿ ಕೂದಲು ಇಲ್ಲದಿರುವುದಕ್ಕೆ ಕಾರಣ ಒಂದೇ. ಫಾಕ್ಸ್‌ಐ3 ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ಏಳು ಅಕ್ಷರಗಳ ಒಂದು ತುಣುಕು ಎರಡು ಸಲ ಬರೆದುಕೊಂಡಿದೆ. ವಿಜ್ಞಾನಿಗಳು ಇದನ್ನು ಪ್ರಕಟಿಸಿದ್ದು 2008ರಲ್ಲಿ. ಹುಟ್ಟುವ ಮೊದಲೇ ಕೂದಲು ಮತ್ತು ಹಲ್ಲು ಮೂಡುವ ಕ್ರಮ ಇದರಿಂದ ತಪ್ಪುತ್ತದೆ. ಹಾಗಾಗಿ ಇವುಗಳ ಬಾಯಲ್ಲಿ ಹಲ್ಲುಗಳೂ ಕಡಿಮೆ. ಅಮೆರಿಕನ್ ಹೇರ್‌ಲೆಸ್ ಟೆರಿಯರ್ ಮಾತ್ರ ಬೇರೆ ವಂಶವಾಹಿಯಿಂದ ಬಂದದ್ದು, ಅದರ ಹಲ್ಲುಗಳಿಗೆ ಏನೂ ಆಗುವುದಿಲ್ಲ.

ನಮಗೆ ಮುಖ್ಯವಾದದ್ದು ಏನೆಂದರೆ, ಕೂದಲು ಇಲ್ಲ ಎಂದ ಮಾತ್ರಕ್ಕೆ ರೋಮಕೂಪ ಇಲ್ಲ ಎಂದಲ್ಲ. ಕೂಪ ಇದೆ, ಆದರೆ ಅರೆಬರೆಯಾಗಿ ರೂಪುಗೊಂಡಿದೆ. ಸಾಮಾನ್ಯ ನಾಯಿಯಲ್ಲಿ ಬೆಳೆಯುವ ಕೂದಲು ಕೂಪದೊಳಗಿನ ಜಿಡ್ಡನ್ನೂ ಸತ್ತ ಕೋಶಗಳನ್ನೂ ಮೇಲಕ್ಕೆ ತರುತ್ತದೆ. ಇಲ್ಲಿ ಆ ಕೂದಲಿಲ್ಲ. ಜಿಡ್ಡು ಒಳಗೇ ನಿಂತು, ಬಾಯಿ ಕಟ್ಟಿಕೊಂಡು ಕಪ್ಪು ಚುಕ್ಕೆಯಾಗುತ್ತದೆ, ಅಂದರೆ ಬ್ಲ್ಯಾಕ್‌ಹೆಡ್. ಬೆನ್ನಿನ ಉದ್ದಕ್ಕೂ, ಪಕ್ಕೆಗಳ ಮೇಲೆ ಇವು ಇದ್ದೇ ಇರುತ್ತವೆ. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಹರೆಯದಲ್ಲಂತೂ ಮೊಡವೆಗಳ ಕಾಟ ಜಾಸ್ತಿ. ಊದಿಲ್ಲದ, ನೋವಿಲ್ಲದ, ತುರಿಸದ ಕಪ್ಪು ಚುಕ್ಕೆಗೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಬೇಡದ ಗುಳಿಗೆಗಳನ್ನು ನುಂಗಿಸಿದ ನಾಯಿಗಳಿಗೆ ಮುಂದೆ ನಿಜವಾದ ಸೋಂಕು ಬಂದಾಗ ಔಷಧ ನಾಟದೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಮೈಬಿಸಿ. ಕೂದಲಿಲ್ಲದ ನಾಯಿಯನ್ನು ಮುಟ್ಟಿದರೆ ಜ್ವರ ಬಂದಂತೆ ಅನಿಸುತ್ತದೆ. ಅದರ ಒಳಗಿನ ಉಷ್ಣ ಬೇರೆ ನಾಯಿಗಳಷ್ಟೇ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಡುವೆ ಕೂದಲ ಹೊದಿಕೆ ಇಲ್ಲದ್ದರಿಂದ ಬಿಸಿ ನೇರವಾಗಿ ನಮ್ಮ ಕೈಗೆ ತಗಲುತ್ತದೆ, ಅಷ್ಟೆ. ಜ್ವರವೇ ಎಂದು ತಿಳಿಯಲು ಗುದದಲ್ಲಿ ಥರ್ಮಾಮೀಟರ್ ಇಡಬೇಕು. ಅಂಗೈಯನ್ನು ನಂಬಬೇಡಿ.

ನೋಡುವುದು, ಮುಟ್ಟುವುದು

ಕಿಟಕಿಯ ಬೆಳಕಿನಲ್ಲಿ ನಾಯಿಯನ್ನು ನಿಲ್ಲಿಸಿ. ಟ್ಯೂಬ್‌ಲೈಟ್ ಸಾಲದು. ಗುಳ್ಳೆಗಳ ಪಕ್ಕ ಒಂದು ನಾಣ್ಯ ಹಿಡಿದು ಫೋಟೊ ತೆಗೆಯಿರಿ. ನಾಳೆ ಅದೇ ನಾಣ್ಯ ಹಿಡಿದು ತೆಗೆದರೆ ಹರಡಿದೆಯೋ ಇಲ್ಲವೋ ತಿಳಿಯುತ್ತದೆ. ಬೆನ್ನು ನೋಡಿ ಸುಮ್ಮನಾಗಬೇಡಿ. ಕಂಕುಳು, ತೊಡೆಸಂದು, ಬೆರಳುಗಳ ನಡುವೆ, ಕಿವಿಯ ಅಂಚು, ಬಾಲದ ಕೆಳಗೆ, ಕೊರಳಪಟ್ಟಿ ಕೂರುವ ಜಾಗ, ಅಂಗಿಯ ಹೊಲಿಗೆ ಉಜ್ಜುವ ಜಾಗ, ಇವೆಲ್ಲವನ್ನೂ ನೋಡಿ.

ಮುತ್ತುವಿನಂಥ ಗುಲಾಬಿ ಚರ್ಮದಲ್ಲಿ ಉರಿಯೂತ ಕೆಂಪಾಗಿ ಕಾಣುತ್ತದೆ. ನೇರಳೆಯಂಥ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೇ ಇಲ್ಲ. ಕಪ್ಪು ಶೋಲೊಗಳು ಚಿಕಿತ್ಸೆಗೆ ತಡವಾಗಿ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಅಲ್ಲಿ ಬೇರೆ ಗುರುತುಗಳನ್ನು ಹುಡುಕಬೇಕು: ಒಂದು ಜಾಗ ಪಕ್ಕದ ಚರ್ಮಕ್ಕಿಂತ ಹೆಚ್ಚು ಹೊಳೆಯುವುದು, ಬೂದು ಬಣ್ಣ ಇನ್ನಷ್ಟು ಗಾಢವಾಗುವುದು, ಬೆರಳಾಡಿಸಿದಾಗ ಮರಳಿನಂತೆ ತರಿತರಿಯಾಗಿ ಸಿಗುವುದು, ಚಿವುಟಿ ಹಿಡಿದಾಗ ದಪ್ಪ ಅನಿಸುವುದು. ಎಡ ಕಂಕುಳನ್ನೂ ಬಲ ಕಂಕುಳನ್ನೂ ಕೈಯ ಹಿಂಬದಿಯಿಂದ ಮುಟ್ಟಿ ಹೋಲಿಸಿ. ಒಂದು ಕಡೆ ಬಿಸಿ ಹೆಚ್ಚಿದ್ದರೆ ಅದಕ್ಕೆ ಅರ್ಥವಿದೆ.

ಕೆಂಪು ಮಚ್ಚೆಯ ಮೇಲೆ ಸ್ವಚ್ಛವಾದ ಗಾಜಿನ ಲೋಟದ ತಳವನ್ನು ಒತ್ತಿ ನೋಡಿ. ಕೆಂಪು ಮಾಯವಾದರೆ ಅದು ಉರಿಯೂತ, ರಕ್ತ ಇನ್ನೂ ನಾಳದೊಳಗೇ ಇದೆ. ಎಷ್ಟು ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಚರ್ಮದ ಕೆಳಗೆ ರಕ್ತ ಸೋರಿದೆ ಎಂದು ಅರ್ಥ. ಆಗ ಉಳಿದ ಲೆಕ್ಕಾಚಾರ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ: ತುರಿಕೆ ಮೊದಲು ಬಂತೋ, ಗುಳ್ಳೆ ಮೊದಲು ಬಂತೋ? ಬರಿಯ ಚರ್ಮವನ್ನು ನೆಕ್ಕುತ್ತ, ಕೆರೆಯುತ್ತ ಇದ್ದು ಕೆಲವು ದಿನಗಳ ನಂತರ ಗುಳ್ಳೆ ಎದ್ದರೆ ಅಲರ್ಜಿ ಅಥವಾ ಕಜ್ಜಿನುಸಿಯ ಕಡೆಗೆ ಮನಸ್ಸು ಹೋಗಬೇಕು. ಗುಳ್ಳೆ ಮೊದಲು ಬಂದು ತುರಿಕೆ ಆಮೇಲೆ ಸೇರಿಕೊಂಡರೆ ಕೂಪದ ತೊಂದರೆ, ಬ್ಯಾಕ್ಟೀರಿಯ ಅಥವಾ ಡೆಮೊಡೆಕ್ಸ್ ನುಸಿ ಇರಬಹುದು. ವೈದ್ಯರು ಮೊದಲು ಕೇಳುವುದೂ ಇದನ್ನೇ. ನೆನಪಿರುವಾಗಲೇ ಬರೆದಿಟ್ಟುಕೊಳ್ಳಿ.

ನಾನು ಹೆಚ್ಚಾಗಿ ನೋಡುವ ದದ್ದುಗಳು

ಎಲ್ಲಕ್ಕಿಂತ ಹೆಚ್ಚು ಬರುವುದು ಕೂಪದ ಸೋಂಕು. ಕಟ್ಟಿಕೊಂಡ ಕೂಪದೊಳಗೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯ ಬೆಳೆದು ಕೆಂಪು ಗುಳ್ಳೆ, ಅದರ ತುದಿಯಲ್ಲಿ ಹಳದಿ ಕೀವು. ಕೀವುಗುಳ್ಳೆ ಬಹುಕಾಲ ನಿಲ್ಲುವುದಿಲ್ಲ, ಬೇಗ ಒಡೆಯುತ್ತದೆ. ಒಡೆದ ಮೇಲೆ ಉಂಗುರದಂತೆ ಹೊಟ್ಟು ಎದ್ದ ಅಂಚು ಉಳಿಯುತ್ತದೆ. ಜನ ಅದನ್ನು ನೋಡಿ ಹುಳುಕಡ್ಡಿ ಎಂದುಕೊಂಡು ಫಂಗಸ್ ಮುಲಾಮು ಹಚ್ಚುತ್ತಾರೆ. ಉಂಗುರ ಕಂಡದ್ದೆಲ್ಲ ಹುಳುಕಡ್ಡಿಯಲ್ಲ. ನೇರಳಾತೀತ ದೀಪ ಹಿಡಿದು ಹುಳುಕಡ್ಡಿ ಹುಡುಕುವ ಪದ್ಧತಿಯನ್ನೂ ಈ ನಾಯಿಗಳಲ್ಲಿ ನಂಬಲಾಗದು, ಏಕೆಂದರೆ ಆ ಬೆಳಕಿನಲ್ಲಿ ಹೊಳೆಯಬೇಕಾದದ್ದು ಸೋಂಕು ತಗಲಿದ ಕೂದಲು. ಅನುಮಾನವಿದ್ದರೆ ಫಂಗಲ್ ಕಲ್ಚರ್, ಅಂದರೆ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು.

ಎರಡನೆಯದು ಮಲಸೀಜಿಯ ಯೀಸ್ಟ್. ಮಡಿಕೆಗಳಲ್ಲಿ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಜಿಡ್ಡುಜಿಡ್ಡಾಗಿ, ಹಳಸಿದ ಎಣ್ಣೆಯ ವಾಸನೆ. ತುರಿಕೆ ವಿಪರೀತ. ಹಳೆಯದಾದರೆ ಚರ್ಮ ಕಪ್ಪಗೆ ದಪ್ಪಗಾಗುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ, ವರ್ಷದ ಬಹುಪಾಲು ಬೆವರುವ ಮಂಗಳೂರಿನಲ್ಲಿ ಇದು ಇನ್ನೂ ಸುಲಭವಾಗಿ ಬರುತ್ತದೆ. ಯೀಸ್ಟ್ ಸುಮ್ಮನೆ ಬರುವುದಿಲ್ಲ. ಹಿಂದೆ ಅಲರ್ಜಿಯೋ ಹಾರ್ಮೋನಿನ ತೊಂದರೆಯೋ ಅಡಗಿರುವುದು ಸಾಮಾನ್ಯ.

ಮೂರನೆಯದು ನುಸಿ. ಡೆಮೊಡೆಕ್ಸ್ ಕೂಪದೊಳಗೆ ವಾಸಿಸುತ್ತದೆ, ಇನ್ನೊಬ್ಬರಿಗೆ ಅಂಟುವುದಿಲ್ಲ, ಬರಿಗಣ್ಣಿಗೆ ಬ್ಲ್ಯಾಕ್‌ಹೆಡ್‌ಗಳಂತೆಯೇ ಕಾಣುತ್ತದೆ. ಕೂದಲುಳ್ಳ ನಾಯಿಯಲ್ಲಿ ಕೂದಲು ಉದುರಿ ಸುಳಿವು ಕೊಡುತ್ತದೆ. ಇವುಗಳಲ್ಲಿ ಆ ಸುಳಿವೂ ಇಲ್ಲ. ಹಾಗಾಗಿ ಒಮ್ಮೆಲೇ ಹೆಚ್ಚಾದ ಕಪ್ಪು ಚುಕ್ಕೆಗಳನ್ನು ಕೆರೆದು ನೋಡದೆ ಮೊಡವೆ ಎನ್ನಬಾರದು. ಸಾರ್ಕಾಪ್ಟಿಸ್ ಎಂಬ ಕಜ್ಜಿನುಸಿ ಅಂಟುರೋಗ. ಕಿವಿಯಂಚು, ಮೊಣಕೈ, ಹಿಮ್ಮಡಿಯ ಮೇಲೆ ಹಕ್ಕಳೆ ಕಟ್ಟುತ್ತದೆ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೆರೆಯುತ್ತದೆ. ಕಿವಿಯ ಅಂಚನ್ನು ಬೆರಳುಗಳ ನಡುವೆ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯುವಂತೆ ಆಡಿದರೆ, ಮನೆಯವರ ಮುಂಗೈಯಲ್ಲೂ ಗುಳ್ಳೆ ಎದ್ದಿದ್ದರೆ, ಅನುಮಾನ ಗಟ್ಟಿಯಾಗುತ್ತದೆ.

ಇನ್ನು ಅಲರ್ಜಿ. ಇಲ್ಲಿನ ಅಂಗಳಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ ಅದೇ ಹುಲ್ಲಿನ ಮೇಲೆ ಮಲಗಿದ ನಾಯಿಯ ಹೊಟ್ಟೆ ಸಂಜೆಗೆ ಕೆಂಪಾಗಿರುತ್ತದೆ. ಹೊಟ್ಟೆ, ಒಳತೊಡೆ, ಪಾದದ ಕೆಳಗೆ, ಅಂದರೆ ನೆಲ ಮುಟ್ಟುವ ಜಾಗಗಳಲ್ಲಿ ಮಾತ್ರ ದದ್ದು ಇದ್ದರೆ ಎರಡು ವಾರ ಹುಲ್ಲಿಗೆ ಬಿಡಬೇಡಿ. ಕಡಿಮೆಯಾದ ಮೇಲೆ ಮತ್ತೆ ಬಿಟ್ಟು ನೋಡಿ. ಒಂದೆರಡು ದಿನದಲ್ಲಿ ಮರಳಿ ಬಂದರೆ ಕಾರಣ ಸಿಕ್ಕಿತು. ನೆಲ ಒರೆಸುವ ಫಿನಾಯಿಲ್, ಹಾಸಿಗೆ ಒಗೆಯುವ ಪುಡಿ, ಉಣ್ಣೆಯ ಸ್ವೆಟರ್, ಇವುಗಳ ಮೇಲೂ ಇದೇ ಪರೀಕ್ಷೆ ಮಾಡಿ. ಕ್ರೆಸ್ಟೆಡ್ ಸಾಕುವವರು ಉಣ್ಣೆಯನ್ನೂ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್ ಸೇರಿಸಿದ ಲೇಪಗಳನ್ನೂ ದೂರವಿಡುತ್ತಾರೆ. ನನ್ನ ಸಲಹೆಯೂ ಅದೇ. ಚಳಿಗೆ ಹತ್ತಿಯ ಅಂಗಿ ಸಾಕು, ಬೇಕಿದ್ದರೆ ಎರಡು ಪದರ ಹಾಕಿ.

ಗಾಳಿಯಲ್ಲಿ ಬರುವ ಪರಾಗದ ಅಲರ್ಜಿ ಹೀಗೆ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮೌಂಟನ್ ಸೀಡರ್ ಎಂಬ ಮರದ ಪರಾಗ ಊರಿನ ಮೇಲೆಲ್ಲ ಹರಡುತ್ತದೆ, ಆಗ ಮನುಷ್ಯರೂ ನಾಯಿಗಳೂ ಒಟ್ಟಿಗೆ ನರಳುತ್ತಾರೆ. ವರ್ಷವಿಡೀ ತುರಿಕೆ ಇದ್ದರೆ ಆಹಾರದ ಕಡೆ ನೋಡಬೇಕು. ಅದಕ್ಕೆ ರಕ್ತಪರೀಕ್ಷೆ ಸಾಲದು. ವೈದ್ಯರು ಹೇಳಿದ ಒಂದೇ ಆಹಾರವನ್ನು ಎಂಟು ವಾರ ಕೊಟ್ಟು ನೋಡಬೇಕು, ನಡುವೆ ಒಂದು ತುಂಡು ಬಿಸ್ಕತ್ತೂ ಕೂಡದು. ಅಜ್ಜಿ ತಾತ ಇರುವ ಮನೆಯಲ್ಲಿ ಇದು ಕಷ್ಟ. ಅವರಿಗೆ ಮೊದಲೇ ಕೂತು ವಿವರಿಸಿ.

ಚಿಗಟ, ಬೆಂಕಿ ಇರುವೆಯ ಕಡಿತಗಳೂ ಬರಿ ಹೊಟ್ಟೆಯ ಮೇಲೆ ಹೆದರಿಕೆ ಹುಟ್ಟಿಸುವಂತೆ ಕಾಣುತ್ತವೆ. ಇರುವೆಯ ಗುಳ್ಳೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೊದಲ ದಿನ ಫೋಟೊ ತೆಗೆಯಿರಿ ಎಂದದ್ದು ಇದಕ್ಕೂ ಹೌದು.

ಚಿಕಿತ್ಸಾಲಯದಲ್ಲಿ ಏನು ಕೇಳಬೇಕು

ಮೂರು ಪರೀಕ್ಷೆಗಳನ್ನು ನೀವೇ ಬಾಯಿಬಿಟ್ಟು ಕೇಳಿ. ಒಂದು, ಟೇಪ್ ಅಥವಾ ಸ್ಲೈಡ್ ಒತ್ತಿ ತೆಗೆದ ಮಾದರಿ: ಬಣ್ಣ ಹಾಕಿ ನೋಡಿದರೆ ಗುಂಡಗಿನ ಬ್ಯಾಕ್ಟೀರಿಯ, ಅವನ್ನು ನುಂಗಿದ ಬಿಳಿ ರಕ್ತಕಣ, ಕಡಲೆಕಾಯಿಯ ಆಕಾರದ ಯೀಸ್ಟ್, ಎಲ್ಲವೂ ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ. ಎರಡು, ಚರ್ಮ ಕೆರೆದು ನೋಡುವುದು. ಡೆಮೊಡೆಕ್ಸ್‌ಗೆ ಚರ್ಮವನ್ನು ಹಿಂಡಿ, ತುಸು ರಕ್ತ ಜಿನುಗುವಷ್ಟು ಆಳಕ್ಕೆ ಕೆರೆಯಬೇಕು. ಕಜ್ಜಿನುಸಿಗೆ ಮೇಲ್ಮೇಲೆ, ಆದರೆ ಅಗಲವಾಗಿ. ಕಜ್ಜಿನುಸಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ, ಹಲವು ಸಲ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಅಂಥಲ್ಲಿ ವೈದ್ಯರು ಚಿಕಿತ್ಸೆ ಕೊಟ್ಟೇ ಪರೀಕ್ಷಿಸುತ್ತಾರೆ. ಮೂರು, ಮೊದಲೇ ಆ್ಯಂಟಿಬಯೋಟಿಕ್ ತಿಂದೂ ಗುಣವಾಗದಿದ್ದರೆ ಕೀವಿನ ಕಲ್ಚರ್. ಯಾವ ಔಷಧ ನಾಟುತ್ತದೆ ಎಂದು ತಿಳಿಯದೆ ಇನ್ನೊಂದು ಗುಳಿಗೆ ಶುರುಮಾಡಬಾರದು.

ದೂರದ ಊರಿನವರಿಗೆ ಇಷ್ಟೆಲ್ಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಚರ್ಮ ಕೆರೆಯಲು ಬೇಕಾದದ್ದು ಒಂದು ಬ್ಲೇಡು, ಒಂದು ಹನಿ ಎಣ್ಣೆ, ಒಂದು ಸೂಕ್ಷ್ಮದರ್ಶಕ.

ಗುಣಪಡಿಸುವುದು

ಮೇಲ್ಪದರದ ಸೋಂಕಿಗೆ ನಮ್ಮ ವೈದ್ಯರ ಮೊದಲ ಆಯ್ಕೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ, ಶೇ. 2ರಿಂದ 4. ವಾರಕ್ಕೆ ಎರಡು ಮೂರು ಸಲ, ಉಗುರುಬೆಚ್ಚಗಿನ ನೀರಿನಲ್ಲಿ. ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಈ ಹತ್ತು ನಿಮಿಷದಲ್ಲೇ ಔಷಧ ಇರುವುದು. ಹಚ್ಚಿ ತಕ್ಷಣ ತೊಳೆದರೆ ಶಾಂಪೂ ದಂಡ. ಗಡಿಯಾರ ನೋಡಿ. ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಿದ್ದರೆ ಸಮಯ ಹೋಗುತ್ತದೆ, ನೆಕ್ಕದಂತೆ ನೋಡಿಕೊಂಡಂತೆಯೂ ಆಗುತ್ತದೆ. ಕೂದಲುಳ್ಳ ನಾಯಿಯಲ್ಲಿ ಔಷಧ ಚರ್ಮಕ್ಕೆ ತಲುಪಿಸುವುದೇ ದೊಡ್ಡ ಸಾಹಸ. ನಮ್ಮ ನಾಯಿಗಳಿಗೆ ಆ ತೊಂದರೆ ಇಲ್ಲ, ಆದ್ದರಿಂದ ಗುಳಿಗೆಯಿಲ್ಲದೆ ಗುಣವಾಗುವ ಅವಕಾಶ ಹೆಚ್ಚು. ತೊಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಯೀಸ್ಟ್ ಇದ್ದರೆ ಕ್ಲೋರ್‌ಹೆಕ್ಸಿಡಿನ್ ಜೊತೆ ಮೈಕೊನಜೋಲ್ ಇರುವ ಶಾಂಪೂ. ಎರಡು ಮೂರು ವಾರದಲ್ಲಿ ಸುಧಾರಣೆ ಕಾಣದಿದ್ದರೆ ಅಥವಾ ಗಂಟು, ಆಳದ ಕೀವು, ನೋವು ಇದ್ದರೆ ಅದು ಶಾಂಪೂವಿಗೆ ಬಗ್ಗುವ ರೋಗವಲ್ಲ.

ಬ್ಲ್ಯಾಕ್‌ಹೆಡ್‌ಗಳಿಗೆ ಬೆನ್ಸಾಯಿಲ್ ಪೆರಾಕ್ಸೈಡ್ ಶಾಂಪೂ ಒಳ್ಳೆಯದು, ಕೂಪದೊಳಗನ್ನು ತೊಳೆಯುತ್ತದೆ. ನಾಯಿಗಳಿಗೆಂದೇ ತಯಾರಿಸಿದ ಶೇ. 2.5ರಿಂದ 3ರಷ್ಟರದು ಮಾತ್ರ. ಮನುಷ್ಯರ ಮೊಡವೆಯ ಜೆಲ್ ಹೆಚ್ಚಾಗಿ ಅದಕ್ಕಿಂತ ತೀಕ್ಷ್ಣ, ಚರ್ಮ ಸುಡಬಹುದು. ಈ ಶಾಂಪೂ ಚರ್ಮವನ್ನು ಒಣಗಿಸುವುದರಿಂದ ಸುವಾಸನೆಯಿಲ್ಲದ, ಜಿಡ್ಡಿಲ್ಲದ ತೆಳು ಲೋಷನ್ ಹಚ್ಚಬೇಕು. ಟವೆಲಿನ ಬಣ್ಣ ಹೋಗುತ್ತದೆ, ಹಳೆಯದನ್ನೇ ಬಳಸಿ. ಚುಕ್ಕೆಗಳನ್ನು ಉಗುರಿನಿಂದ ಹಿಂಡಬೇಡಿ. ಹಿಂಡಿದಾಗ ಕೂಪ ಒಳಮುಖವಾಗಿ ಒಡೆದರೆ ಅದರೊಳಗಿನ ಕೆರಾಟಿನ್ ಚರ್ಮದಾಳಕ್ಕೆ ಸೇರುತ್ತದೆ, ದೇಹ ಅದನ್ನು ಹೊರಗಿನ ವಸ್ತುವೆಂದು ತಿಳಿದು ಹೋರಾಡಲು ತೊಡಗುತ್ತದೆ. ಒಂದು ಚುಕ್ಕೆ ಇದ್ದಲ್ಲಿ ಗಂಟಾಗುತ್ತದೆ.

ಡೆಮೊಡೆಕ್ಸ್, ಕಜ್ಜಿನುಸಿ ಎರಡಕ್ಕೂ ಈಗ ಐಸೊಕ್ಸಜೋಲಿನ್ ಗುಂಪಿನ ಅಗಿಯುವ ಮಾತ್ರೆಗಳು ಬಂದಿವೆ: ಫ್ಲುರಲನರ್, ಅಫೊಕ್ಸೊಲನರ್, ಸರೊಲನರ್. ಮೊದಲಿನ ಕಷ್ಟದ ಚಿಕಿತ್ಸೆಗಳನ್ನು ಕಂಡವರಿಗೆ ಇವು ದೊಡ್ಡ ನೆಮ್ಮದಿ. ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಯಾರದೋ ಮಾತು ಕೇಳಿ ಅಂದಾಜಿನಲ್ಲಿ ಚುಚ್ಚಿಸಬೇಡಿ. ಪುಟ್ಟ ನಾಯಿಯಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಮೆದುಳಿಗೆ ವಿಷವಾಗುತ್ತದೆ.

ಅಲರ್ಜಿಯ ತುರಿಕೆಗೆ ಒಕ್ಲಾಸಿಟಿನಿಬ್ ಮಾತ್ರೆ, ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್, ಕೆಲವೊಮ್ಮೆ ಸ್ವಲ್ಪ ದಿನ ಪ್ರೆಡ್ನಿಸೊಲೋನ್, ಯಾವುದೆಂದು ವೈದ್ಯರು ನಿರ್ಧರಿಸುತ್ತಾರೆ. ಒಕ್ಲಾಸಿಟಿನಿಬ್ ಒಂದು ವರ್ಷದೊಳಗಿನ ನಾಯಿಗೆ ಅಲ್ಲ, ಡೆಮೊಡೆಕ್ಸ್ ಹೆಚ್ಚಿಸಲೂಬಹುದು. ತುರಿಕೆಯ ಔಷಧಕ್ಕಿಂತ ಮೊದಲು ಚರ್ಮ ಕೆರೆದು ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಊರಿನ ಔಷಧಿಗಳು. ಅಮ್ಮ ಫೋನಿನಲ್ಲಿ ಹೇಳುವುದು ಕೊಬ್ಬರಿ ಎಣ್ಣೆ, ಅರಿಶಿನ, ಬೇವಿನೆಣ್ಣೆ. ಪ್ರೀತಿಯಿಂದ ಹೇಳುವ ಮಾತು. ಆದರೆ ಕೂಪ ಮೊದಲೇ ಕಟ್ಟಿಕೊಂಡಿರುವ ಚರ್ಮಕ್ಕೆ ಎಣ್ಣೆ ಇನ್ನೊಂದು ಮುಚ್ಚಳ, ಯೀಸ್ಟ್‌ಗೆ ಊಟ. ಅರಿಶಿನ ಹಚ್ಚಿದರೆ ಬಣ್ಣ ಮುಚ್ಚಿಹೋಗಿ ಕೆಂಪು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಟೀ ಟ್ರೀ ಎಣ್ಣೆ ನಾಯಿಗೆ ವಿಷ, ಮನೆಯಲ್ಲಿದ್ದರೆ ಎತ್ತಿಡಿ. ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಕ್ಲೋಬೆಟಾಸಾಲ್ ಎಂಬ ಸ್ಟೆರಾಯ್ಡ್ ಬೆರೆತ ಮಿಶ್ರ ಮುಲಾಮುಗಳು. ಹಚ್ಚಿದ ಮಾರನೆಯ ದಿನ ದದ್ದು ಇಳಿದಂತೆ ಕಾಣುತ್ತದೆ, ವಾರಗಟ್ಟಲೆ ಹಚ್ಚಿದರೆ ಚರ್ಮ ಕಾಗದದಷ್ಟು ತೆಳುವಾಗಿ ಹೊಸ ಬ್ಲ್ಯಾಕ್‌ಹೆಡ್‌ಗಳು ಏಳುತ್ತವೆ. ನಾಯಿ ನೆಕ್ಕಿದ್ದು ಹೊಟ್ಟೆಗೂ ಹೋಗುತ್ತದೆ.

ಬಿಸಿಲು

ಗುಲಾಬಿ ಚರ್ಮದ ನಾಯಿಗೆ ಬಿಸಿಲೇ ದೊಡ್ಡ ಶತ್ರು. ಮುತ್ತುವನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅಂಗಿಯಿಲ್ಲದೆ ಹೊರಗೆ ಬಿಡುವುದಿಲ್ಲ. ಬಿಸಿಲು ಕಾಯಿಸುತ್ತ ಅಂಗಾತ ಮಲಗುವ ನಾಯಿಗಳ ಹೊಟ್ಟೆಯ ಮೇಲೆ ಮೊದಲು ಕೆಂಪು, ಆಮೇಲೆ ಒರಟು ಪದರ, ವರ್ಷಗಳ ನಂತರ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಬರಬಹುದು. ವಾಸಿಯಾಗದೆ ದಪ್ಪವಾಗುತ್ತಿರುವ, ಪದೇ ಪದೇ ಹಕ್ಕಳೆ ಕಟ್ಟುವ ಕೆಂಪು ಜಾಗಕ್ಕೆ ಲೋಷನ್ ಹಚ್ಚುತ್ತ ಕೂರದೆ ಬಯಾಪ್ಸಿ ಮಾಡಿಸಿ. ಸನ್‌ಸ್ಕ್ರೀನ್ ಆರಿಸುವಾಗ ಜಿಂಕ್ ಆಕ್ಸೈಡ್, ಸ್ಯಾಲಿಸಿಲೇಟ್‌ಗಳು ಇಲ್ಲದ, ನಾಯಿಗಳಿಗೆಂದೇ ಮಾಡಿದ್ದನ್ನು ಕೊಳ್ಳಿ. ನೆಕ್ಕಿದರೆ ಅವೆರಡೂ ಹಾನಿ. ನನ್ನ ಮಟ್ಟಿಗೆ ಉದ್ದ ತೋಳಿನ ತೆಳು ಹತ್ತಿ ಅಂಗಿ ಯಾವ ಲೇಪಕ್ಕಿಂತಲೂ ಮೇಲು.

ಕಾಯಬಾರದ ಹೊತ್ತು

ಮುಖ ಊದಿದರೆ, ಮೈಯೆಲ್ಲ ದಡಸಲು ಎದ್ದು ವಾಂತಿಯಾದರೆ, ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ತಡಮಾಡಬೇಡಿ. ಚರ್ಮ ಸುಲಿದು ಬರುತ್ತಿದ್ದರೆ, ಬಾಯಿಯೊಳಗೂ ಹುಣ್ಣಾಗಿದ್ದರೆ, ದದ್ದಿನ ಜೊತೆ 103 ಡಿಗ್ರಿಗಿಂತ ಹೆಚ್ಚು ಜ್ವರವಿದ್ದು ನಾಯಿ ಅನ್ನ ಬಿಟ್ಟಿದ್ದರೆ ಅಂದೇ ತೋರಿಸಿ. ಮೂಗಿನ ಮೇಲೆ, ಕಿವಿಯಲ್ಲಿ, ಅಂಗಾಲಿನ ಮೆತ್ತೆಯಲ್ಲಿ ಒಟ್ಟಿಗೆ ಕೀವುಗುಳ್ಳೆ ಮತ್ತು ಹಕ್ಕಳೆ ಬಂದರೆ ಅದು ಸೋಂಕಲ್ಲದೆ ಪೆಂಫಿಗಸ್ ಎಂಬ ರೋಗನಿರೋಧಕ ಶಕ್ತಿಯ ಏರುಪೇರೂ ಆಗಿರಬಹುದು, ಅದಕ್ಕೂ ಬಯಾಪ್ಸಿ ಬೇಕು.

ಕೊನೆಯದಾಗಿ ಚಿಕಿತ್ಸೆ ನಿಲ್ಲಿಸುವ ಬಗ್ಗೆ. ಗುಳ್ಳೆ ಕಾಣದಾದ ದಿನವೇ ಶಾಂಪೂ ಬಿಟ್ಟವರ ನಾಯಿಗಳು ತಿಂಗಳೊಳಗೆ ಮತ್ತೆ ಬರುತ್ತವೆ. ಇನ್ನೊಮ್ಮೆ ಟೇಪ್ ತೆಗೆಸಿ, ಬ್ಯಾಕ್ಟೀರಿಯವೂ ಬಿಳಿ ರಕ್ತಕಣಗಳೂ ಹೋಗಿವೆ ಎಂದು ಖಚಿತವಾದ ಮೇಲೆ ವಾರಕ್ಕೆ ಒಂದು ಸ್ನಾನಕ್ಕೆ ಇಳಿಸಿ, ಮುಂದೆ ಎರಡು ವಾರಕ್ಕೊಮ್ಮೆ ಸೌಮ್ಯವಾದ ನಾಯಿ ಶಾಂಪೂ. ಡೆಮೊಡೆಕ್ಸ್ ಇದ್ದ ನಾಯಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೆರೆದು ನೋಡಿ, ಎರಡರಲ್ಲೂ ಒಂದು ನುಸಿಯೂ ಸಿಗಬಾರದು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.